ಹುಣಸೆ ಮರದ ಹೆಜ್ಜಾರ್ಲೆ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಹಣ್ಣಾಗುವ ಕಾಲವೂ ಹೆಜ್ಜಾರ್ಲೆಯ ಮರಿಗಳು ಬೆಳೆಯುವ ಕಾಲವೂ ಒಂದೇ. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಬೇರೆ ಊರುಗಳಲ್ಲಿ ಉದ್ದನೆಯ ಕೋಲು ಹಿಡಿದು ಹುಣಸೆ ಬಡಿಯುತ್ತಾರೆ. ಇಲ್ಲಿ ಮರದ ತುಂಬ ಗೂಡು, ಗೂಡಿನ ತುಂಬ ಮರಿ, ಕೊಂಬೆ ಅಲುಗಿಸುವಂತಿಲ್ಲ. ಕೈಬಿಟ್ಟ ಫಸಲಿಗೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತದೆ. ಅದು ಹಣ್ಣಿನ ಬೆಲೆಗೆ ಸಾಟಿಯಲ್ಲ ಎಂಬ ದೂರು ಹಳೆಯದು. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ.

ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ನೀರನ್ನು ನಂಬಿದ ಹಕ್ಕಿಗಳು. ಶಿಂಷಾ ನದಿ ಮತ್ತು ಸುತ್ತಲಿನ ಕೆರೆಗಳಲ್ಲಿ ಮೇಯುತ್ತವೆ, ಮರಿ ಮಾಡಲು ಮಾತ್ರ ಊರೊಳಗಿನ ಮರಗಳಿಗೆ ಬರುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಚೀಲ ಮೀನು ಹೊತ್ತು ತರುವ ಬುಟ್ಟಿಯೆಂದು ಅನೇಕರು ತಿಳಿದಿದ್ದಾರೆ. ಅದು ಮೀನು ಹಿಡಿಯುವ ಬಲೆ ಅಷ್ಟೆ. ಹಕ್ಕಿ ಮೀನನ್ನು ನುಂಗಿ ಬಂದು ಗೂಡಿನಲ್ಲಿ ಕಕ್ಕಿ ಕೊಡುತ್ತದೆ. ಬೆಳೆದ ಮರಿ ತಾಯಿಯ ಗಂಟಲಿಗೇ ತಲೆ ತೂರಿಸುವುದನ್ನು ಮೊದಲ ಸಲ ನೋಡಿದವರು, ತಾಯಿ ಮರಿಯನ್ನೇ ನುಂಗುತ್ತಿದೆ ಎಂದು ಗಾಬರಿಯಾಗುವುದುಂಟು!

ಗೂಡೆಂದರೆ ಕಡ್ಡಿಗಳ ಅಟ್ಟಣೆ. ಜೋರು ಗಾಳಿಗೋ ಒಡಹುಟ್ಟಿದವುಗಳ ನೂಕಾಟಕ್ಕೋ ಮರಿ ಕೆಳಗೆ ಬೀಳುತ್ತದೆ. ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಉಪವಾಸ, ಇಲ್ಲವೆ ನಾಯಿ. ಅದರ ಪಾಡು ಇಷ್ಟೆ. ಇದನ್ನು ಕಂಡು 1990ರ ದಶಕದಲ್ಲಿ, ಮೈಸೂರಿನ ಪಕ್ಷಿಪ್ರೇಮಿಗಳ ಒತ್ತಾಸೆಯಿಂದ, ಊರಿನವರೇ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣಕ್ಕೆ ತಂದು, ರೆಕ್ಕೆ ಬಲಿಯುವವರೆಗೆ ಮೀನು ಹಾಕಿ ಸಾಕಿ, ಹಾರಬಲ್ಲವಾದ ಮೇಲೆ ಬಿಟ್ಟುಬಿಡುತ್ತಾರೆ. ಹೇಳಲು ಸುಲಭ. ಮರಿಯ ಹೊಟ್ಟೆಗೆ ರಜೆಯಿಲ್ಲ, ಮೀನು ದಿನವೂ ಬೇಕು.

2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ರಕ್ಷಣೆ ಊರಿನ ಗಡಿಯಲ್ಲಿ ಮುಗಿಯುವಂಥದ್ದಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆಯಲ್ಲಿ ಕಂಡದ್ದು ಜಂತುಹುಳು. ಈ ಬಗೆಯ ಹುಳುವಿನ ಮೊಟ್ಟೆ ಹಕ್ಕಿಯ ಹಿಕ್ಕೆಯೊಂದಿಗೆ ನೀರು ಸೇರುತ್ತದೆ. ಮರಿಹುಳು ಸೂಕ್ಷ್ಮ ಜಲಜೀವಿಗಳ ಹೊಟ್ಟೆ ಸೇರಿ, ಅವನ್ನು ತಿಂದ ಮೀನಿಗೆ ದಾಟಿ, ಮೀನಿನಿಂದ ಮತ್ತೆ ಹಕ್ಕಿಗೆ ಬರುತ್ತದೆ. ಕೆರೆ ಕೆಟ್ಟರೆ ಮರದ ಮೇಲಿನ ಗೂಡಿಗೂ ಸುಖವಿಲ್ಲ.

ಹಿಕ್ಕೆಯಿಂದ ಲಾಭವೂ ಉಂಟೆನ್ನಿ. ಮರದಡಿ ಗುಂಡಿ ತೋಡಿ ಕೆರೆಗೋಡು ತುಂಬಿದರೆ, ಸಾರಜನಕ, ರಂಜಕಗಳಿಂದ ಕೂಡಿದ ಗೊಬ್ಬರ ಹೊಲಕ್ಕೆ ಸಿದ್ಧ.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಮರದಡಿ ಗದ್ದಲವಾಗದಂತೆ ನೋಡಿಕೊಳ್ಳಬೇಕು. ದೊಡ್ಡ ಹಕ್ಕಿ ಬೆದರಿ ಎದ್ದರೆ ಮರಿ ಗೂಡಿನ ಅಂಚಿಗೆ ಸರಿಯುತ್ತದೆ. ಬಿದ್ದ ಮರಿ ಕಂಡರೆ ಮುಟ್ಟದೆ ಊರವರಿಗೆ ತಿಳಿಸಬೇಕು. ತಲೆಗೊಂದು ಟೋಪಿ ಇರಲಿ. ಮೇಲಿನಿಂದ ಬೀಳುವ ಗೊಬ್ಬರಕ್ಕೆ ಹೊಲ ಯಾವುದು, ತಲೆ ಯಾವುದು ಎಂಬ ಭೇದವಿಲ್ಲ.