ಕಿರುಹೊಳೆಗಳ ನಾಡು ಮತ್ತು ನಾಗರಿಕತೆಯ ಪರಿಕಲ್ಪನೆ: ಉಡುಪಿ ಪರಿಸರವನ್ನು ಕುರಿತ ಕೆಲವು ವಿಚಾರಗಳು

ಪ್ರಾಚೀನ ನಾಗರಿಕತೆಗಳ ಉಗಮವನ್ನು ವಿವರಿಸುವಾಗ ಮಹಾನದಿಯೊಂದನ್ನು ಕೇಂದ್ರವಾಗಿಟ್ಟುಕೊಳ್ಳುವುದು ಚರಿತ್ರೆಯ ಬರವಣಿಗೆಯಲ್ಲಿ ರೂಢಿಯಾಗಿ ಬಂದಿದೆ. ನೈಲ್, ಯೂಫ್ರೆಟಿಸ್, ಟೈಗ್ರಿಸ್, ಸಿಂಧೂ, ಹ್ವಾಂಗ್ ಹೋ ನದಿಗಳ ಮೆಕ್ಕಲು ಬಯಲು, ಅಲ್ಲಿ ಬೆಳೆದ ಹೆಚ್ಚುವರಿ ಧಾನ್ಯ, ಅದನ್ನು ಕೂಡಿಡುವ ಕಣಜ, ಕಣಜದ ಸುತ್ತ ಬೆಳೆದ ನಗರ, ಲೆಕ್ಕ ಬರೆದಿಡುವ ಲಿಪಿ, ಇವೆಲ್ಲವನ್ನೂ ನಿಯಂತ್ರಿಸುವ ಪ್ರಭುತ್ವ ಎಂಬ ಅನುಕ್ರಮ ನಮ್ಮ ಪಠ್ಯಪುಸ್ತಕಗಳಲ್ಲಿ ಭದ್ರವಾಗಿ ನೆಲೆಗೊಂಡಿದೆ. ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಬೃಹತ್ ನೀರಾವರಿಯ ನಿರ್ವಹಣೆಯೇ ಪೌರ್ವಾತ್ಯ ನಿರಂಕುಶ ಪ್ರಭುತ್ವದ ಮೂಲವೆಂದು ವಾದಿಸಿ ಈ ಅನುಕ್ರಮಕ್ಕೆ ಸೈದ್ಧಾಂತಿಕ ಚೌಕಟ್ಟನ್ನು ಒದಗಿಸಿದರು. ಕನ್ನಡ ಸಂಸ್ಕೃತಿ ಚರಿತ್ರೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಸಾಗಿದೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಗಳನ್ನು ಎರಡು ದೊಡ್ಡ ನದಿಗಳಿಂದ ಗುರುತಿಸಿತು. ಮಲಪ್ರಭಾ, ವರದಾ, ತುಂಗಭದ್ರಾ ತೀರಗಳು ರಾಜವಂಶಗಳ ಚರಿತ್ರೆಗೆ ಆಧಾರವಾದವು. ಈ ಕಥನದಲ್ಲಿ ಕರಾವಳಿ ಅನುಬಂಧದ ಸ್ಥಾನದಲ್ಲಿಯೇ ಉಳಿದಿದೆ. ಮಹಾನದಿಯಿಲ್ಲದ ನಾಡಿನ ನಾಗರಿಕತೆಯನ್ನು ಯಾವ ಅಳತೆಗೋಲಿನಿಂದ ಅರಿಯಬೇಕು ಎಂಬ ಪ್ರಶ್ನೆಯನ್ನು ಉಡುಪಿ ಪರಿಸರ ನಮ್ಮ ಮುಂದಿಡುತ್ತದೆ.

ಈ ಪ್ರದೇಶದ ಭೂಗುಣವನ್ನು ಮೊದಲು ಗಮನಿಸಬೇಕು. ಘಟ್ಟಕ್ಕೂ ಕಡಲಿಗೂ ನಡುವಿನ ನೆಲ ಕಿರಿದು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೆ ಘಟ್ಟದ ಮೇಲಿನ ಆಗುಂಬೆಯಲ್ಲಿ ಅದು 7,000 ಮಿ.ಮೀ.ಯನ್ನೂ ಮೀರುತ್ತದೆ. ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳು ಅಲ್ಪ ದೂರವನ್ನು ಕ್ರಮಿಸಿ ಕಡಲು ಸೇರುತ್ತವೆ. ಕಡಲ ಬಳಿ ಮರಳ ದಿಬ್ಬಗಳು ಅಡ್ಡವಾಗುವುದರಿಂದ ಅವು ಕೆಲವೆಡೆ ತೀರಕ್ಕೆ ಸಮಾನಾಂತರವಾಗಿ ಹರಿದು ಅಳಿವೆಯನ್ನು ಕಂಡುಕೊಳ್ಳುತ್ತವೆ. ಸ್ವರ್ಣಾ ಮತ್ತು ಸೀತಾ ಕೋಡಿಬೆಂಗ್ರೆಯ ಬಳಿ ಒಂದೇ ಬಾಯಿಯಿಂದ ಸಮುದ್ರಕ್ಕೆ ಸೇರುತ್ತವೆ. ಮಳೆಗಾಲದಲ್ಲಿ ನೆರೆ, ಬೇಸಗೆಯಲ್ಲಿ ಅಳಿವೆಯಿಂದ ಮೇಲೇರುವ ಉಪ್ಪುನೀರು, ಇವೆರಡರ ನಡುವೆ ಬೇಸಾಯ ನಡೆಯಬೇಕು. ನೈಲ್ ನದಿಯ ನೆರೆ ಮಣ್ಣನ್ನು ತಂದು ಹೊಲಕ್ಕೆ ಹಾಕಿದರೆ ಇಲ್ಲಿನ ಮಳೆ ಮಣ್ಣಿನ ಸಾರವನ್ನು ತೊಳೆದು ಒಯ್ಯುತ್ತದೆ. ಹಾಗೆ ಸಾರ ತೊಳೆದುಹೋದ ನೆಲದ ರೂಪವೇ ಜಂಬಿಟ್ಟಿಗೆ, ಅಂದರೆ ಊರಿನವರ ಮಾತಿನ ಮುರಕಲ್ಲು.

ಇಂತಹ ನೆಲದಲ್ಲಿ ಬೆಳೆದ ಕೃಷಿ ಪದ್ಧತಿ ತನ್ನದೇ ಪರಿಭಾಷೆಯನ್ನು ರೂಪಿಸಿಕೊಂಡಿತು. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳು; ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ನೀರು ನಿಲ್ಲುವ ಬೈಲಿನಲ್ಲಿ ಮೂರು. ತೊಳೆದುಹೋಗುವ ಸಾರವನ್ನು ಮರಳಿ ತುಂಬಲು ಹಸುರು ಸೊಪ್ಪು, ತರಗೆಲೆ, ಹಟ್ಟಿಗೊಬ್ಬರ ಅನಿವಾರ್ಯವಾದುದರಿಂದ ಗದ್ದೆಗೆ ತಾಗಿ ಗುಡ್ಡೆಯೂ ಹಾಡಿಯೂ ಇರಬೇಕಾಯಿತು. ವರ್ಗ ಜಮೀನಿನ ಸುತ್ತಣ ಕುಮ್ಕಿಯ ಹಕ್ಕು ಈ ಅಗತ್ಯಕ್ಕೆ ದೊರೆತ ಕಾನೂನಿನ ಮನ್ನಣೆ. ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿ ಸೇರಿ ಊರಾಗದೆ ಗದ್ದೆಯ ಅಂಚಿನಲ್ಲಿ ಚದರಿ ನಿಂತುದಕ್ಕೆ ಈ ಸಂಬಂಧವೂ ಒಂದು ಕಾರಣ. ಮಳೆ ನಿಂತ ಮೇಲೆ ತೋಡಿಗೆ ಹಾಕುವ ಕಟ್ಟ ಮುಂದಿನ ಮಳೆಗಾಲದವರೆಗಿನ ವ್ಯವಸ್ಥೆ. ಅದನ್ನು ಹಾಕುವವರು ಆ ತೋಡಿನ ಇಕ್ಕೆಲದ ಒಕ್ಕಲುಗಳು. ಅದಕ್ಕೆ ಸಾಮ್ರಾಟನ ಅಪ್ಪಣೆ ಬೇಕಾಗಿರಲಿಲ್ಲ. ವಿಟ್‌ಫೋಗೆಲ್ ಅವರ ಸಿದ್ಧಾಂತ ಇಲ್ಲಿ ಸಲ್ಲುವುದಿಲ್ಲ. ಗುತ್ತು, ಬೀಡು, ಮಾಗಣೆ, ದೈವದ ಸೀಮೆ ಎಂಬ ಹಂತಹಂತದ ಘಟಕಗಳೇ ಇಲ್ಲಿ ಸಮಾಜವನ್ನು ಕಟ್ಟಿನಿಲ್ಲಿಸಿದವು.

ರಾಜಕೀಯ ಚರಿತ್ರೆಯೂ ಇದಕ್ಕೆ ಪೂರಕವಾಗಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿಯೇ ಆಳುಪರ ಉಲ್ಲೇಖವಿದೆ. 7ನೆಯ ಶತಮಾನದ ವಡ್ಡರ್ಸೆ ಶಾಸನ, 8ನೆಯ ಶತಮಾನದ ಉದ್ಯಾವರದ ಶಾಸನಗಳು, ಕಾರ್ಕಳ ಸೀಮೆಯ ಬೆಳ್ಮಣ್ಣಿನ ತಾಮ್ರಪಟ ಇಲ್ಲಿನ ಬರಹದ ಪ್ರಾಚೀನತೆಯನ್ನು ಸಾರುತ್ತವೆ. ಬೆಳ್ಮಣ್ಣಿನದು ಪೂರ್ಣವಾಗಿ ಕನ್ನಡದಲ್ಲಿರುವ ತಾಮ್ರಪಟಗಳಲ್ಲಿ ಅತ್ಯಂತ ಹಳೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಳುಪರ ಲಾಂಛನ ಮೀನು. ಅವರ ರಾಜಧಾನಿಗಳಾದ ಮಂಗಳೂರು, ಉದ್ಯಾವರ, ಬಾರಕೂರುಗಳು ಹೊಳೆ ಕಡಲನ್ನು ಸೇರುವ ನೆಲೆಗಳಿಗೆ ಹತ್ತಿರದವು. ಅಧಿಕಾರ ಒಂದು ಅಳಿವೆಯಿಂದ ಇನ್ನೊಂದಕ್ಕೆ ಸರಿಯಿತೇ ಹೊರತು ಉಳಿದೆಲ್ಲವನ್ನೂ ನುಂಗಿದ ಮಹಾನಗರವೊಂದು ಇಲ್ಲಿ ತಲೆಯೆತ್ತಲಿಲ್ಲ. ಮುಂದಿನ ಶತಮಾನಗಳಲ್ಲಿಯೂ ಪುತ್ತಿಗೆಯ ಚೌಟರು, ವೇಣೂರಿನ ಅಜಿಲರು, ಮೂಲ್ಕಿಯ ಸಾವಂತರು, ಸೂರಾಲಿನ ತೊಳಹರು, ಕಾಪುವಿನ ಮರ್ದ ಹೆಗ್ಗಡೆಗಳು ತಮ್ಮ ತಮ್ಮ ಕಿರುಸೀಮೆಗಳನ್ನು ಆಳಿದರು. ವಿಜಯನಗರದ ಕಾಲದಲ್ಲಿಯೂ ಈ ಸ್ಥಳೀಯ ಅರಸುಮನೆತನಗಳು ಉಳಿದುಕೊಂಡವು. ಇದನ್ನು ಅಪೂರ್ಣ ಪ್ರಭುತ್ವವೆಂದೂ ರಾಜಕೀಯ ದೌರ್ಬಲ್ಯವೆಂದೂ ಬಗೆಯುವುದು ಮಹಾನದಿಯ ಅಳತೆಗೋಲನ್ನು ಕಿರುಹೊಳೆಗೆ ಹಿಡಿದಂತಾಗುತ್ತದೆ. ಬಸರೂರಿನಿಂದ ಅಕ್ಕಿ ಹಡಗೇರಿ ಹೊರನಾಡುಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಚಿಕ್ಕ ಸೀಮೆಗಳೇ ಆ ಅಕ್ಕಿಯನ್ನು ಬೆಳೆದಿದ್ದವು.

ಹಾಗೆಂದು ಭೂಗೋಳವೇ ಎಲ್ಲವನ್ನೂ ನಿರ್ಧರಿಸಿತು ಎಂದರೆ ಅದು ಇನ್ನೊಂದು ಅತಿರೇಕ. ರತ್ನಗಿರಿಯಿಂದ ಕೋಯಿಕ್ಕೋಡಿನವರೆಗೆ ಮುರಕಲ್ಲು, ಮಳೆ, ಕಿರುಹೊಳೆ, ಅಳಿವೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಭಾಷೆ, ಆರಾಧನೆ, ಆಳ್ವಿಕೆಗಳು ಮಾತ್ರ ಬೇರೆ ಬೇರೆ. ಕಾರ್ಕಳ ಇದಕ್ಕೆ ಸ್ಪಷ್ಟವಾದ ನಿದರ್ಶನ. ಘಟ್ಟದ ಮೇಲಿನ ಕಳಸಕ್ಕೂ ಕೆಳಗಿನ ಬಂದರುಗಳಿಗೂ ನಡುವೆ ಇದ್ದುದು ಅದರ ಏಳಿಗೆಗೆ ನೆರವಾಯಿತು. ಕಳಸ-ಕಾರ್ಕಳದ ಭೈರರಸರಿಗೆ ಘಟ್ಟ ಗೋಡೆಯಾಗಿರಲಿಲ್ಲ. ಅವರ ರಾಜ್ಯ ಅದರ ಎರಡೂ ಮಗ್ಗುಲಲ್ಲಿ ಹರಡಿತ್ತು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನಿಗೆ ಬೇಕಾದ ಗಟ್ಟಿ ಶಿಲೆ ಈ ಸೀಮೆಯಲ್ಲಿ ದೊರೆಯಿತು ಎಂಬುದು ನಿಜ. ಆದರೆ ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ಬಂಡೆಯಲ್ಲಿಯೇ ಕಡೆದರೆ ಕಾರ್ಕಳದ್ದನ್ನು ಬೇರೆಡೆ ಕಡೆದು ಬೆಟ್ಟಕ್ಕೇರಿಸಿದ ವೃತ್ತಾಂತವನ್ನು ಚಂದ್ರಮ ಕವಿಯ ಕಾವ್ಯ ಹೇಳುತ್ತದೆ. ಬಂಡೆಯನ್ನು ಕೊಟ್ಟದ್ದು ನೆಲ. ಅದನ್ನು ಬಾಹುಬಲಿಯಾಗಿ ಕಂಡದ್ದು, ಬೆಟ್ಟಕ್ಕೆ ಎಳೆದೊಯ್ದದ್ದು ಒಂದು ಧರ್ಮಪರಂಪರೆಯ, ಒಬ್ಬ ಅರಸನ, ಹೆಸರಿಲ್ಲದ ನೂರಾರು ದುಡಿಮೆಗಾರರ ಸಂಕಲ್ಪ. ಫ್ರಾನ್ಸಿನ ಭೂಗೋಳತಜ್ಞ ವಿಡಾಲ್ ದ ಲಾ ಬ್ಲಾಶ್ ಅವರೂ ಚರಿತ್ರಕಾರ ಲೂಸಿಯಾಂ ಫೆಬ್ರ್ ಅವರೂ ಪ್ರತಿಪಾದಿಸಿದಂತೆ ನಿಸರ್ಗ ಸಾಧ್ಯತೆಗಳನ್ನು ಒಡ್ಡುತ್ತದೆ, ಆಯ್ಕೆ ಮನುಷ್ಯನದು.

ಆ ಆಯ್ಕೆಗಳ ದಾಖಲೆ ಶಾಸನಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸ್ಥಳನಾಮಗಳಲ್ಲಿ, ಆಡುಮಾತಿನಲ್ಲಿ, ಪಾಡ್ದನಗಳಲ್ಲಿ ಇದೆ. ಕನ್ನಡ ವಿಭಾಗಗಳ ಹೊಣೆ ಆರಂಭವಾಗುವುದು ಇಲ್ಲಿಂದಲೇ. ಕುಂಜಿಬೆಟ್ಟು, ಹಿರೇಬೆಟ್ಟು ಎಂಬ ಹೆಸರುಗಳನ್ನು ಕೇಳಿದ ಒಳನಾಡಿನ ಓದುಗ ಅಲ್ಲಿ ಬೆಟ್ಟವನ್ನು ಹುಡುಕುವ ಸಂಭವವಿದೆ. ಬೆಟ್ಟು ಮಳೆಯಾಶ್ರಿತ ಮೇಲುಗದ್ದೆ ಎಂಬುದು ಕೃಷಿಯ ಅರಿವಿನಿಂದ ಮಾತ್ರ ತಿಳಿಯುವಂಥದು. ಬೈಲೂರಿನ ಬೈಲು, ತಿಮ್ಮಣ್ಣಕುದ್ರುವಿನ ಕುದ್ರು, ಕೋಡಿಬೆಂಗ್ರೆಯ ಕೋಡಿ ಇಂಥವೇ. ಪಡುಬಿದ್ರಿ ಮತ್ತು ಮೂಡಬಿದಿರೆಗಳಲ್ಲಿ ಕಡಲಿನ ದಿಕ್ಕೂ ಘಟ್ಟದ ದಿಕ್ಕೂ ಹೆಸರಾಗಿ ನಿಂತಿವೆ. ಕಡಲಿಗೂ ಹೊಳೆಗೂ ನಡುವಿನ ಮರಳ ಪಟ್ಟಿಯ ಬದುಕು ಏನೆಂಬುದನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಷ್ಟು ನಿಖರವಾಗಿ ಹೇಳುವ ಚರಿತ್ರೆಯ ಗ್ರಂಥ ವಿರಳ. ಆ ಕಾದಂಬರಿಯನ್ನು ಮೂರು ತಲೆಮಾರುಗಳ ಕಥೆಯಾಗಿ ಪಾಠ ಹೇಳುವಷ್ಟೇ ಶ್ರದ್ಧೆಯಿಂದ ಭೂಗುಣದ ದಾಖಲೆಯಾಗಿಯೂ ಓದಬೇಕಾಗಿದೆ.

ಈ ಕಾರ್ಯಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಮಣಿಪಾಲವನ್ನೇ ನೋಡಬಹುದು. ಮುರಕಲ್ಲಿನ ಈ ಎತ್ತರದ ನೆಲವನ್ನು ಬಂಜರೆಂದು ಕರೆಯುವುದು ವಾಡಿಕೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ಅಲ್ಲಿ ಬೆಳೆದ ವಿದ್ಯಾನಗರ ನಾಡಿಗೆ ಹೆಮ್ಮೆಯದು; ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಊರಿನ ಹೆಸರಿನೊಳಗೆ ಮಣ್ಣಪಳ್ಳ ಎಂಬ ಕೆರೆ ಇದೆಯೆಂದು ಸ್ಥಳೀಯರು ಹೇಳುವುದು ಬಂಜರೆಂಬ ಮಾತಿಗೆ ಹೊಂದುವುದಿಲ್ಲ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಇಳಿಜಾರಿನಲ್ಲಿ ಒರತೆಯಾಗಿ ಹೊಮ್ಮಿ ಬೈಲನ್ನು ತಣಿಸುತ್ತದೆ. ಕಾಸರಗೋಡಿನ ಕನ್ನಡ ಕೃಷಿಕರು ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗಗಳು ಇದೇ ಗುಣವನ್ನು ಅರಿತು ಮಾಡಿದವು. ಕೊಂಕಣ ತೀರದ ಶಿಲಾರೇಖೆಗಳೂ ಕೇರಳದ ಟೊಪ್ಪಿಕಲ್ಲು, ಕೊಡೆಕಲ್ಲುಗಳೂ ಮುರಕಲ್ಲಿನಲ್ಲಿಯೇ ರೂಪುಗೊಂಡವು. ಪಶ್ಚಿಮ ಕರಾವಳಿಯ ಅತ್ಯಂತ ಹಳೆಯ ಮಾನವ ಗುರುತುಗಳಲ್ಲಿ ಕೆಲವನ್ನು ಉಳಿಸಿಕೊಂಡಿರುವ ಈ ನೆಲವನ್ನು ಕಲ್ಲುಕೋರೆಯಾಗಿಯೂ ನಿವೇಶನವಾಗಿಯೂ ಮಾತ್ರ ಕಾಣುವ ದೃಷ್ಟಿ ಪದವಿಗೂ ಬೈಲಿಗೂ ಇದ್ದ ಸಂಬಂಧವನ್ನು ಕಡಿಯುತ್ತದೆ. ಇಷ್ಟು ಮಳೆ ಬೀಳುವ ಉಡುಪಿ-ಮಣಿಪಾಲಗಳು ಬೇಸಗೆಯಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟಿನ ಮಟ್ಟವನ್ನು ನೋಡುತ್ತ ಕೂರಬೇಕಾಗಿ ಬಂದಿರುವ ಸ್ಥಿತಿಯನ್ನು ಇದರ ಜೊತೆಯಲ್ಲಿಟ್ಟು ಯೋಚಿಸಬೇಕು. ಕೊಳಕೆ ಬೆಳೆಯುವುದು ನಿಂತಲ್ಲಿ ಕೊಳಕೆ ಎಂಬ ಮಾತೂ ನಿಲ್ಲುತ್ತದೆ.

ಅಡಿಪಾಯ ಈಗಾಗಲೇ ಇದೆ. ಪಿ. ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುನಾಡಿನ ಇತಿಹಾಸ ಗ್ರಂಥ ಊರೂರು ಸುತ್ತಿ ಕಟ್ಟಿದ್ದು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ನೆಲದ ಮಾತುಗಳ ಭಂಡಾರ. ಮುಂದಿನ ಹೆಜ್ಜೆಗೆ ಅಡ್ಡಿಯಾಗಿರುವುದು ಸಂಶೋಧನೆಯ ಘಟಕವನ್ನು ಕುರಿತ ನಮ್ಮ ಅಭ್ಯಾಸ. ತಾಲ್ಲೂಕನ್ನೋ ಜಿಲ್ಲೆಯನ್ನೋ ವ್ಯಾಪ್ತಿಯಾಗಿ ಇಟ್ಟುಕೊಂಡು ಪಿಎಚ್.ಡಿ. ವಿಷಯಗಳನ್ನು ಗೊತ್ತುಪಡಿಸುವುದು ಸಾಮಾನ್ಯ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಕಾಪು ತಾಲ್ಲೂಕು ಅದಕ್ಕೂ ಈಚಿನದು. ಕಾರ್ಕಳದ ಕಡೆಯ ಘಟ್ಟದಿಂದ ಇಳಿದು ಮಣಿಪಾಲದ ತಪ್ಪಲನ್ನು ಬಳಸಿ ಕಡಲಿಗೆ ಸೇರುವ ಸ್ವರ್ಣೆಗೆ ಈ ಗಡಿಗಳ ಪರಿವೆಯಿಲ್ಲ. ಒಂದು ಹೊಳೆಯ ಕಣಿವೆಯನ್ನೇ ಘಟಕವಾಗಿ ಆರಿಸಿಕೊಂಡು ಅಲ್ಲಿನ ಶಾಸನ, ಗದ್ದೆಹೆಸರು, ಹಳೆಯ ಕಂದಾಯ ದಾಖಲೆ, ದೈವದ ಸೀಮೆ, ಪಾಡ್ದನದ ಪಯಣದ ದಾರಿಗಳನ್ನು ಒಂದೇ ನಕ್ಷೆಯ ಮೇಲೆ ತರುವ ಅಧ್ಯಯನಗಳು ನಡೆಯಬೇಕು. ಭೂವಿಜ್ಞಾನಿಯೂ ಇತಿಹಾಸಕಾರನೂ ಇದರಲ್ಲಿ ಪಾಲುಗೊಳ್ಳಬೇಕಾದರೂ ಗದ್ದೆಯ ಹೆಸರನ್ನು ಕೇಳಿ ಅದರ ಅರ್ಥವನ್ನು ಬಿಡಿಸಬಲ್ಲವರು ಭಾಷೆಯ ವಿದ್ಯಾರ್ಥಿಗಳೇ. ಮೂರು ಬೆಳೆ ತೆಗೆದು ಕಟ್ಟ ಹಾಕಿದ ಹಿರಿಯರು ಇಂದಿಗೂ ಈ ಊರುಗಳಲ್ಲಿದ್ದಾರೆ. ವಿಭಾಗಗಳು ಅವರ ಬಳಿಗೆ ಈಗಲೇ ಹೋಗಬೇಕು.