ಕರಿಬೇವಿಗೆ ಹೋದ ಅಜ್ಜಿ

 

ದಸರಾ ರಜೆಯಲ್ಲಿ ನಾನು ಮೂರು ದಿನ ಮಂಗಳ ಗ್ರಹದಲ್ಲಿ ಇದ್ದು ಬಂದೆ. ನಗಬೇಡಿ. ಇದ್ದದ್ದು ಕೊಂಡಜ್ಜಿಯ ನಮ್ಮ ಹಳೇ ಮನೆಯ ಹಿಂಭಾಗದಲ್ಲೇ. ಆದರೆ ಮೊಮ್ಮಕ್ಕಳ ಲೆಕ್ಕದಲ್ಲಿ ಅದು ಮಂಗಳ. ಅಲ್ಲಿ ಎರಡನೇ ದಿನ ನಾನು ಸತ್ತೂ ಹೋದೆ. ಆ ಕಥೆಯನ್ನೇ ಈ ವಾರ ಹೇಳುತ್ತೇನೆ.

ಕೊಂಡಜ್ಜಿ ಗೊತ್ತಲ್ಲ? ಹರಿಹರ ತಾಲ್ಲೂಕಿನ ಊರು, ದಾವಣಗೆರೆಗೂ ಹತ್ತಿರ. ಒಂದು ಕೆರೆ, ಪಕ್ಕದಲ್ಲೇ ಗುಡ್ಡ. ಸ್ಕೌಟು, ಗೈಡು ಮಕ್ಕಳು ಶಿಬಿರಕ್ಕೆ ಬರುವ ಜಾಗ. ರಜೆ ಬಂದರೆ ನನ್ನ ಮೂವರು ಮೊಮ್ಮಕ್ಕಳೂ ಇಲ್ಲಿಗೇ ಬರುತ್ತಾರೆ. ದೊಡ್ಡವಳಿಗೆ ಹನ್ನೆರಡು, ನಡುವಿನವನಿಗೆ ಹತ್ತು, ಪುಟ್ಟನಿಗೆ ಏಳು.

ಬಂದ ಮೊದಲ ದಿನವೇ ದೊಡ್ಡವಳು ಕೇಳಿದಳು, "ಅಜ್ಜಿ, ಲಡಾಖ್‌ನಲ್ಲಿ ಇಬ್ಬರು ಹತ್ತು ದಿನ ಮಂಗಳದಲ್ಲಿ ಇದ್ದ ಹಾಗೇ ಇದ್ದರಂತೆ, ಗೊತ್ತಾ?" ಗೊತ್ತಿರಲಿಲ್ಲ. ಆಮೇಲೆ ಇಬ್ಬರೂ ಕೂತು ಓದಿ ತಿಳಿದುಕೊಂಡೆವು.

ಲಡಾಖ್‌ನಲ್ಲಿ ತ್ಸೋ ಕಾರ್ ಎಂಬ ಉಪ್ಪುನೀರಿನ ಸರೋವರ ಇದೆ. ಸಮುದ್ರಮಟ್ಟದಿಂದ 4,500 ಮೀಟರಿಗೂ ಎತ್ತರ. ಗಾಳಿ ತೆಳು, ಚಳಿ ವಿಪರೀತ, ನೆಲ ಒಣಕಲು, ಬಿಸಿಲಿನಲ್ಲಿ ಅತಿನೇರಳೆ ಕಿರಣ ಹೆಚ್ಚು, ನೆಲದಡಿಯಲ್ಲಿ ಉಪ್ಪು ಬೆರೆತ ಹೆಪ್ಪುಗಟ್ಟಿದ ಮಣ್ಣು. ಭೂಮಿಯ ಮೇಲೆ ಮಂಗಳವನ್ನು ಹೋಲುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಬೆಂಗಳೂರಿನ ಪ್ರೋಟೋಪ್ಲಾನೆಟ್ ಎಂಬ ಕಂಪನಿ ಇಸ್ರೊ ಜೊತೆ ಸೇರಿ ಒಂದು ನೆಲೆ ಕಟ್ಟಿತು. ಹೆಸರು 'ಹೋಪ್', ಅಂದರೆ ಭರವಸೆ. 2025ರ ಜುಲೈ 31ರಂದು ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಅದನ್ನು ಉದ್ಘಾಟಿಸಿದರು. ಇರಲು 8 ಮೀಟರ್ ಅಗಲದ ಒಂದು ಘಟಕ, ಯಂತ್ರ-ಸಾಮಾನಿಗೆ 5 ಮೀಟರ್ ಅಗಲದ ಇನ್ನೊಂದು. ಒಳಗೇ ಅಡುಗೆಮನೆ, ಶೌಚಾಲಯ, ಮಣ್ಣಿಲ್ಲದೆ ನೀರಿನಲ್ಲೇ ಸೊಪ್ಪು ಬೆಳೆಯುವ ವ್ಯವಸ್ಥೆ. ಆಗಸ್ಟ್ 1ರಿಂದ 10ರವರೆಗೆ ಇಬ್ಬರು ಅಲ್ಲಿದ್ದರು. ಅವರ ಮೈ ಹೇಗಿದೆ, ಮನಸ್ಸು ಹೇಗಿದೆ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಅವರಲ್ಲಿ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯವರೂ ಇದ್ದರು.

ನಾಟಕಕ್ಕೆ ತಾಲೀಮು ಇರುತ್ತದಲ್ಲ, ಹಾಗೆ ಮಂಗಳಯಾನಕ್ಕೂ ತಾಲೀಮು. ಇದು ನಮ್ಮಲ್ಲಿ ಹೊಸದು, ಬೇರೆ ಕಡೆ ಹಳೆಯದು. ಮಾಸ್ಕೋದಲ್ಲಿ 2010ರ ಜೂನ್ 3ರಂದು ಆರು ಜನ ಒಂದು ಕಟ್ಟಡದೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದದ್ದು 2011ರ ನವೆಂಬರ್ 4ರಂದು. 520 ದಿನ! ಅಮೆರಿಕದ ಹ್ಯೂಸ್ಟನ್‌ನಲ್ಲಿ ನಾಸಾ ದೊಡ್ಡ ಮುದ್ರಣಯಂತ್ರದಿಂದ ಪದರ ಪದರವಾಗಿ ಒಂದು ಮನೆ ಕಟ್ಟಿಸಿತು. 1,700 ಚದರ ಅಡಿ. ಅದರಲ್ಲಿ ನಾಲ್ಕು ಜನ 2023ರ ಜೂನ್ 25ರಿಂದ 2024ರ ಜುಲೈ 6ರವರೆಗೆ, 378 ದಿನ ಇದ್ದರು. ಅಂಗಳಕ್ಕೆ ಕೆಂಪು ಮರಳು ಹಾಸಿ, ದಿರಿಸು ತೊಟ್ಟು ಅದರ ಮೇಲೆ ನಡೆದರು. ಟೊಮೆಟೊ, ಮೆಣಸು ಬೆಳೆದರು. ಕೆಟ್ಟದ್ದನ್ನು ತಾವೇ ರಿಪೇರಿ ಮಾಡಿದರು.

"ನಾವೂ ಮಾಡೋಣ. ಹ್ಯೂಸ್ಟನ್‌ನಲ್ಲಿ ನಾಲ್ಕು ಜನ ಇದ್ದರು. ನಾವು ಮೂವರು, ನೀನು ಸೇರಿದರೆ ನಾಲ್ಕು," ಎಂದಳು ದೊಡ್ಡವಳು. ಅವಳೇ ಕಮಾಂಡರ್. ನಡುವಿನವನು ಇಂಜಿನಿಯರ್. ಪುಟ್ಟ ಡಾಕ್ಟರ್. ನಾನು? "ನೀನು ಅಡುಗೆ" ಎಂದರು. ಮಂಗಳಕ್ಕೆ ಹೋದರೂ ಒಲೆ ತಪ್ಪಲಿಲ್ಲ ನೋಡಿ.

ನಡುಮನೆ, ಅಡುಗೆಮನೆ, ಬಚ್ಚಲು ಇಷ್ಟು ಮಂಗಳ. ಮುಂದಿನ ಜಗಲಿಯಲ್ಲಿ ನನ್ನ ಮಗ-ಸೊಸೆ ಇದ್ದರು, ಅದು ಭೂಮಿ. ಭೂಮಿಯ ಜೊತೆ ಮಾತಿಲ್ಲ, ಕಿಟಕಿಯಲ್ಲಿ ಚೀಟಿ ಇಡಬೇಕು. ಇಟ್ಟ 22 ನಿಮಿಷದ ಮೇಲೆಯೇ ಅವರು ಅದನ್ನು ಓದಬೇಕು. ಅವರ ಉತ್ತರವನ್ನು ಮತ್ತೆ 22 ನಿಮಿಷ ಬಿಟ್ಟು ನಾವು ಓದಬೇಕು. ಯಾಕೆ ಗೊತ್ತಾ? ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಓಡಿದರೂ ಮಂಗಳ ಹತ್ತಿರವಿದ್ದಾಗ ಸುಮಾರು 3 ನಿಮಿಷ ಬೇಕು, ತೀರಾ ದೂರವಿದ್ದಾಗ ಸುಮಾರು 22 ನಿಮಿಷ. ಹ್ಯೂಸ್ಟನ್ ಮನೆಯಲ್ಲೂ ಹೀಗೇ 22 ನಿಮಿಷ ತಡೆದು ಮಾತು ಕಳಿಸುತ್ತಿದ್ದರು. 'ಹಲೋ' ಎಂದು ಕೇಳಿ 'ಹಾಂ' ಎಂದು ಕೇಳಿಸಿಕೊಳ್ಳಲು 44 ನಿಮಿಷ!

ನೀರು ದಿನಕ್ಕೆ ನಾಲ್ಕು ಕೊಡ, ನಾಲ್ವರಿಗೂ ಸೇರಿ. ಕುಡಿಯಲು, ಅಡುಗೆಗೆ, ಪಾತ್ರೆಗೆ, ಮೈಗೆ ಎಲ್ಲಕ್ಕೂ ಅಷ್ಟೇ. ಅಟ್ಟದ ಕಿಟಕಿಯಿಂದ ನೋಡಿದರೆ ಮಳೆಗಾಲ ಮುಗಿಸಿ ತುಂಬಿದ ಕೊಂಡಜ್ಜಿ ಕೆರೆ ಹೊಳೆಯುತ್ತಿದೆ, ಒಳಗೆ ನಾವು ಲೋಟದಲ್ಲಿ ಅಳೆಯುತ್ತಿದ್ದೇವೆ. ನನಗೆ ಇದು ಹೊಸದೇನಲ್ಲ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಸೊಂಟದ ಮೇಲೆ ಕೊಡ ಹೊತ್ತವಳು ನಾನು. ಅಕ್ಕಿ ತೊಳೆದ ನೀರಿನಲ್ಲಿ ತರಕಾರಿ ತೊಳೆದು, ಅದನ್ನು ಗಿಡಕ್ಕೆ ಹಾಕುವುದನ್ನು ತೋರಿಸಿಕೊಟ್ಟೆ. "ಅಜ್ಜಿಗೆ ಮಂಗಳ ಮೊದಲೇ ಗೊತ್ತಿದೆ" ಎಂದು ಇಂಜಿನಿಯರ್ ದಿನಚರಿಯಲ್ಲಿ ಬರೆದ.

ಊಟಕ್ಕೆ ಕೆಡದ ಪದಾರ್ಥ ಮಾತ್ರ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ರವೆ, ಮಂಡಕ್ಕಿ, ಬೇಳೆ, ಉಪ್ಪಿನಕಾಯಿ. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತದ ಇಳಿಜಾರಿನಲ್ಲಿ 2013ರಲ್ಲಿ ಆರು ಜನ ನಾಲ್ಕು ತಿಂಗಳು ಇದ್ದದ್ದೇ ಊಟದ ಪರೀಕ್ಷೆಗೆ. ದಿನಾ ಒಂದೇ ಬಗೆ ಉಂಡರೆ ನಾಲಿಗೆ ಬೇಸತ್ತು ಜನ ಊಟ ಕಡಿಮೆ ಮಾಡುತ್ತಾರೆ, ಬೇಳೆ-ಪುಡಿ ಕೊಟ್ಟು ಅವರ ಕೈಯಲ್ಲೇ ಅಡುಗೆ ಮಾಡಿಸಿದರೆ ಹೇಗೆ ಎಂದು ನೋಡಿದರು. ಹಸಿರಿಗೆ ನಾವು ಹೆಸರುಕಾಳು, ಮೆಂತ್ಯ ನೆನೆಸಿ ಮೊಳಕೆ ಬರಿಸಿದೆವು. ಇದನ್ನು ಹೇಳಿಕೊಟ್ಟದ್ದು ದೊಡ್ಡವಳು. ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್-ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಇವೇ ಎರಡು ಕಾಳನ್ನು ಮೊಳಕೆ ಬರಿಸಿದ್ದರು. ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು!

ಇನ್ನು ದಿನಚರಿ. ಬೆಳಿಗ್ಗೆ ಆರಕ್ಕೆ ಗಂಟೆ. ಡಾಕ್ಟರ್ ಪುಟ್ಟ ಎಲ್ಲರ ನಾಡಿ ಎಣಿಸುತ್ತಾನೆ. ಅವನಿಗೆ ನೂರರ ತನಕ ತಪ್ಪಿಲ್ಲದೆ ಎಣಿಸಲು ಬರುವುದರಿಂದ ಯಾರಿಗೂ ಅಪಾಯವಿಲ್ಲ. ಆಮೇಲೆ ವ್ಯಾಯಾಮ, ತಿಂಡಿ, ಪಾತ್ರೆ. ಹತ್ತಕ್ಕೆ ಹೊರಗಿನ ನಡಿಗೆ. ಸ್ಕೂಟರ್ ಹೆಲ್ಮೆಟ್, ರೇನ್‌ಕೋಟ್, ಕೈಗವಸು ತೊಟ್ಟು, ಎರಡು ಬಾಗಿಲ ನಡುವಿನ ಓಣಿಯಲ್ಲಿ ಐದು ನಿಮಿಷ ನಿಂತು, ಹಿತ್ತಿಲಿಗೆ ಇಳಿದು ಕಲ್ಲು ಆರಿಸುವುದು. ಕೈಗವಸಿನಲ್ಲಿ ಸಣ್ಣ ಕಲ್ಲು ಎತ್ತುವುದು ಎಷ್ಟು ಕಷ್ಟ ಎಂದು ಇಂಜಿನಿಯರಿಗೆ ಆವತ್ತು ಗೊತ್ತಾಯಿತು. ಮಧ್ಯಾಹ್ನ ದಿನಚರಿ ಬರೆಯುವುದು. ರಾತ್ರಿ ಎಂಟಕ್ಕೆ ಸಭೆ, ಆ ದಿನದ ತಪ್ಪು-ಒಪ್ಪು ಮಾತಾಡುವುದು.

ಮೊದಲ ದಿನ ಹಬ್ಬದ ಹಾಗಿತ್ತು. ಎರಡನೇ ದಿನಕ್ಕೆ ಜಗಳ ಶುರು. ಇಂಜಿನಿಯರ್ ಮುಖಕ್ಕೆ ಎರಡು ಲೋಟ ಜಾಸ್ತಿ ನೀರು ಹಾಕಿಕೊಂಡ. ಕಮಾಂಡರ್ ಬೈದಳು. ಅವನು ಮಂಡಕ್ಕಿ ಡಬ್ಬಿ ತಬ್ಬಿಕೊಂಡು ಮೂಲೆ ಸೇರಿದ. ಆಟವಾಡಲು ಬಯಲಿಲ್ಲ, ಟೀವಿ ಇಲ್ಲ, ನೋಡಿದ ಮುಖವನ್ನೇ ನೋಡಬೇಕು. ಮಾಸ್ಕೋದ ಆರು ಜನರಿಗೂ ರಾಕೆಟ್ ತೊಂದರೆ ಕೊಡಲಿಲ್ಲ, ಇದ್ದದ್ದೇ ನೆಲದ ಮೇಲೆ. ಅವರನ್ನು ಕಾಡಿದ್ದು ಬೇಸರ, ಜಡತನ, ನಿದ್ದೆಯ ಏರುಪೇರು. ಅವರಲ್ಲೊಬ್ಬರ ಮೈಗಡಿಯಾರ 24 ಗಂಟೆ ಬಿಟ್ಟು 25 ಗಂಟೆಯ ದಿನಕ್ಕೆ ಜಾರಿತಂತೆ. ಉಳಿದವರು ಎದ್ದಿರುವಾಗ ಇವರು ಮಲಗಿರುವುದು, ಇವರು ಎದ್ದಾಗ ಅವರು ಮಲಗಿರುವುದು!

ಮುನಿಸಿಕೊಂಡ ಮಕ್ಕಳಿಗೆ ಬಿಸಿ ಉಪ್ಪಿಟ್ಟು ಮಾಡಿಕೊಟ್ಟರೆ ಸರಿಹೋದೀತು ಎಂದು ನಾನು ಒಲೆ ಹಚ್ಚಿದೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು. ಕರಿಬೇವು? ಐವತ್ತು ವರ್ಷದ ಅಭ್ಯಾಸ ನೋಡಿ. ಕೈ ತಾನಾಗಿ ಹಿತ್ತಿಲ ಬಾಗಿಲ ಅಗುಳಿ ತೆಗೆಯಿತು, ಕಾಲು ತಾನಾಗಿ ಗಿಡದ ಹತ್ತಿರ ಹೋಯಿತು. ಎರಡು ಎಸಳು ಕಿತ್ತು ತಿರುಗುತ್ತೇನೆ, ಬಾಗಿಲಲ್ಲಿ ಕಮಾಂಡರ್.

"ಅಜ್ಜೀ! ಹೆಲ್ಮೆಟ್ ಎಲ್ಲಿ? ಮಂಗಳದಲ್ಲಿ ಉಸಿರಾಡೋಕೆ ಗಾಳಿ ಇಲ್ಲ. ನೀನು ಸತ್ತೋದೆ!"

ನಾನು ನಕ್ಕೆ. ಇಂಜಿನಿಯರೂ ಮುನಿಸು ಮರೆತು ನಕ್ಕ. ಪುಟ್ಟ ನಗಲಿಲ್ಲ. ಅವನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಏನೋ ಬರೆದು ಓಡಿಹೋಗಿ ಕಿಟಕಿಯಲ್ಲಿಟ್ಟ. ಆಮೇಲೆ ಗೋಡೆ ಕಡೆ ತಿರುಗಿ ಕೂತು ಅಳತೊಡಗಿದ. ಚೀಟಿಯಲ್ಲಿ ಬರೆದದ್ದು: 'ಅಜ್ಜಿ ಸತ್ತೋದ್ಲು. ಬೇಗ ಬನ್ನಿ.'

ನಿಮಗೆ ಹೇಳಬೇಕು. ನಮ್ಮ ಮನೆಯ ಅಜ್ಜ ಹೋದ ವರ್ಷ ತೀರಿಕೊಂಡರು. ಸಂಜೆ ಕೆರೆ ಏರಿಯ ಮೇಲೆ ಪುಟ್ಟನ ಕೈ ಹಿಡಿದು ಹೋಗುತ್ತಿದ್ದವರು ಅವರೇ. ಅವರು ಹೋದ ಮೇಲೆ ಮಕ್ಕಳ ಎದುರು ಅವರ ಮಾತು ಎತ್ತಬಾರದು, ಮಕ್ಕಳಿಗೆ ನೋವಾಗುತ್ತದೆ ಎಂದು ದೊಡ್ಡವರಾದ ನಾವು ಸುಮ್ಮನಿದ್ದೆವು. ಮಕ್ಕಳು ಎತ್ತಿದರೆ ನಮಗೆ ನೋವಾಗುತ್ತದೆ ಎಂದು ಅವರೂ ಸುಮ್ಮನಿದ್ದರು ಎಂದು ನನಗೆ ಆವತ್ತೇ ಗೊತ್ತಾದದ್ದು.

ಚೀಟಿ ಭೂಮಿ ತಲುಪಲು 22 ನಿಮಿಷ. ಉತ್ತರ ಬರಲು ಇನ್ನೂ 22. ಅಲ್ಲಿಯವರೆಗೆ? ನಾನು ಏಳುವ ಮೊದಲೇ ದೊಡ್ಡವಳು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತಳು. "ಸತ್ತಿಲ್ಲ ಕಣೋ, ಆಟದಲ್ಲಿ ಅಂದೆ. ನೀನು ಡಾಕ್ಟರ್ ಅಲ್ವಾ, ನಾಡಿ ನೋಡು." ಪುಟ್ಟ ನನ್ನ ಕೈ ಹಿಡಿದು ಎಣಿಸಿದ. ನೂರರ ತನಕ ಎಣಿಸಿದ. ಮತ್ತೆ ಒಂದರಿಂದ ಎಣಿಸಿದ. ಆಮೇಲೆ ಕೇಳಿದ, "ಅಜ್ಜನಿಗೆ ಯಾಕೆ ಆಟದಲ್ಲಿ ಆಗಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದು ಆಟವಾಗಿರಲಿಲ್ಲ ಪುಟ್ಟ" ಎಂದೆ. ಅಷ್ಟೇ ಹೇಳಲಾಯಿತು. ಇಂಜಿನಿಯರ್ ಮಂಡಕ್ಕಿ ಡಬ್ಬಿ ತಂದು ನಡುವೆ ಇಟ್ಟ. ನಾಲ್ವರೂ ಕೂತು ಅಜ್ಜನ ಮಾತಾಡಿದೆವು. ಅವರು ಸೀನಿದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿದ್ದದ್ದು, ಬೆಣ್ಣೆದೋಸೆ ತಿನ್ನಿಸಲು ದಾವಣಗೆರೆಗೆ ಕರೆದೊಯ್ದು ಮನೆಯಲ್ಲಿ ಹೇಳಬೇಡಿ ಎನ್ನುತ್ತಿದ್ದದ್ದು (ಅದು ನನಗೆ ಗೊತ್ತೇ ಇರಲಿಲ್ಲ!). ನಕ್ಕೆವು, ಸ್ವಲ್ಪ ಅತ್ತೆವು. ಭೂಮಿಯಿಂದ ಉತ್ತರ ಬರುವ ಹೊತ್ತಿಗೆ ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. 'ಹೆದರಬೇಡ ಕಂದ, ಅಜ್ಜಿ ಚೆನ್ನಾಗಿದ್ದಾಳೆ' ಎಂದು ಸೊಸೆ ಬರೆದಿದ್ದಳು. ಪುಟ್ಟ ಓದಿ, "ನಮಗೆ ಆಗಲೇ ಗೊತ್ತು" ಎಂದ.

ಉಪ್ಪಿಟ್ಟಿಗೆ ಕರಿಬೇವು ಹಾಕಿರಲಿಲ್ಲ. ಅದನ್ನು ಕಮಾಂಡರ್ ಡಬ್ಬಿಯಲ್ಲಿ ಹಾಕಿ 'ಮಂಗಳದಲ್ಲಿ ಸಿಕ್ಕ ಮೊದಲ ಗಿಡ' ಎಂದು ಚೀಟಿ ಅಂಟಿಸಿದ್ದಳು.

ರಾತ್ರಿ ಸಭೆಯಲ್ಲಿ ನನ್ನ ವಿಚಾರಣೆ. ನಾನು ತಪ್ಪು ಒಪ್ಪಿಕೊಂಡೆ. ಆದರೆ ಇಂಜಿನಿಯರ್ ಹೇಳಿದ, "ಅಜ್ಜಿಗೆ ಮರೆವು ಅಂತ ಬೈದರೆ ನಾಳೆಯೂ ಮರೀತಾಳೆ. ಬಾಗಿಲಿಗೆ ಏನಾದರೂ ಮಾಡೋಣ." ಅಗುಳಿಗೆ ದಾರ ಕಟ್ಟಿ, ದಾರಕ್ಕೆ ಹಳೇ ಗೆಜ್ಜೆ ಕಟ್ಟಿದರು. ಮೂರನೇ ದಿನ ಬೆಳಿಗ್ಗೆ ನನ್ನ ಕೈ ಮತ್ತೆ ಅಗುಳಿಗೆ ಹೋಯಿತು. ಗೆಜ್ಜೆ ಘಲ್ಲೆಂದಿತು. ನಿಂತೆ. ಬದುಕಿದೆ.

ತಾಲೀಮು ಇರುವುದು ಇದಕ್ಕೇ ಅಲ್ಲವೇ ಮಕ್ಕಳೇ? ಮಂಗಳದ ಕಡಿಮೆ ಗುರುತ್ವವನ್ನು ಲಡಾಖ್‌ನಲ್ಲಾಗಲಿ ಹ್ಯೂಸ್ಟನ್‌ನಲ್ಲಾಗಲಿ ನಿಜವಾಗಿ ತರಲಾಗದು. ಇಲ್ಲಿ 30 ಕಿಲೋ ತೂಗುವ ಹುಡುಗ ಅಲ್ಲಿ ತಕ್ಕಡಿ ಏರಿದರೆ ಸುಮಾರು 11 ಕಿಲೋ ತೋರಿಸೀತು, ಅದನ್ನು ನೆಲದ ಮೇಲೆ ಹೇಗೆ ತರುವುದು? ಆದರೆ ಮುನಿಸು, ಮರೆವು, ಭಯ, ಮನೆಯ ನೆನಪು ಇವೆಲ್ಲ ನೆಲದ ಮೇಲೂ ಅಸಲಿಯಾಗಿಯೇ ಬರುತ್ತವೆ. ತಪ್ಪು ತಿದ್ದಿಕೊಳ್ಳಲು ಆಗುವ ಕಡೆಯಲ್ಲೇ ತಪ್ಪು ಮಾಡಿ ಕಲಿತು ಹೋಗಬೇಕು. ಯಾಕೆಂದರೆ ಅಲ್ಲಿ ಭೂಮಿಯ ಉತ್ತರ ಬರುವುದು ಕೆಲವೊಮ್ಮೆ 44 ನಿಮಿಷ ತಡವಾಗಿ. ಅಷ್ಟರಲ್ಲಿ ಆಗಬೇಕಾದ್ದನ್ನು ಪಕ್ಕದಲ್ಲಿ ಕೂತವರೇ ಮಾಡಬೇಕು.

ಈ ವಾರದ ಕೆಲಸ: ಒಂದು ದಿನ ಮನೆಯವರೆಲ್ಲ ಎಷ್ಟು ಕೊಡ ನೀರು ಬಳಸುತ್ತೀರಿ ಎಂದು ಎಣಿಸಿ ಬರೆಯಿರಿ. ರಾತ್ರಿ ಎಂಟಕ್ಕೆ ಟೀವಿ ಆರಿಸಿ ಒಂದು ಸಭೆ ಮಾಡಿ. ಅಜ್ಜ-ಅಜ್ಜಿಯರೇ, ಮನೆಯಲ್ಲಿ ಯಾರ ಮಾತನ್ನಾದರೂ ಮಕ್ಕಳ ಎದುರು ಎತ್ತದೆ ಇಟ್ಟಿದ್ದರೆ, ಆ ಸಭೆಯಲ್ಲಿ ಎತ್ತಿ ನೋಡಿ. ಮಂಡಕ್ಕಿ ಡಬ್ಬಿ ಪಕ್ಕದಲ್ಲಿರಲಿ.

ಹಿತ್ತಿಲ ಬಾಗಿಲ ಗೆಜ್ಜೆಯನ್ನು ನಾನಿನ್ನೂ ಬಿಚ್ಚಿಲ್ಲ.

ಮುಂದಿನ ವಾರ ಸಿಗೋಣ.
ನಿಮ್ಮ ಅಜ್ಜಿ