ಕಂಪನಿ ಆರ್ಮ್ ಕಳಚುವ ಮುನ್ನ

ಶೃಂಗೇರಿಯಿಂದ ಕಿಗ್ಗದ ಕಡೆಗೋ ಕೆರೆಕಟ್ಟೆಯ ಕಡೆಗೋ ಹೊರಟು, ಡಾಂಬರು ಬಿಟ್ಟು ತೋಟದ ದಾರಿಗೆ ಇಳಿದರೆ ಮಲೆನಾಡಿಗೆ ಜೀಪು ಯಾಕೆ ಬೇಕೆಂದು ಯಾರೂ ಕೇಳುವುದಿಲ್ಲ. ಮಳೆಗೆ ಕೊರಕಲು ಬಿದ್ದ ಏರು, ತಿರುವಿನಲ್ಲೇ ಜಾರುವ ಕೆಮ್ಮಣ್ಣು, ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಅಡಿಕೆ ತೋಟದ ಆಳ. ಇಂಥ ದಾರಿಗಳಲ್ಲಿ ಮಹೀಂದ್ರ ಎಂಎಂ 540, ಮೇಜರ್‌ನಂಥ ಗಾಡಿಗಳು ವರ್ಷಗಟ್ಟಲೆ ದುಡಿದವು. ಅವುಗಳಿಗೆ ಹಿಂದೆ ಮುಂದೆ ಎರಡೂ ಕಡೆ ಒಂದೇ ತುಂಡಿನ ಆಕ್ಸಲ್, ಅದಕ್ಕೆ ಬ್ಲೇಡ್ ಸೆಟ್. ಬ್ಲೇಡ್ ತುಂಡಾದರೆ ಬದಲಿಸಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ.

2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಈ ಲೆಕ್ಕವನ್ನು ಬದಲಿಸಿತು. ಮುಂದಿನ ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ಏರಿಳಿಯುವಂತೆ, ಚಾಸಿಗೂ ಚಕ್ರಕ್ಕೂ ನಡುವೆ ಕೀಲಿನಲ್ಲಿ ಆಡುವ ಆರ್ಮ್‌ಗಳನ್ನೂ ತಿರುಚಿಕೊಂಡು ಸ್ಪ್ರಿಂಗಿನಂತೆ ದುಡಿಯುವ ಟಾರ್ಷನ್ ಬಾರನ್ನೂ ಕೊಟ್ಟಿತು. 2020ರ ಥಾರ್‌ನಲ್ಲಿ ಟಾರ್ಷನ್ ಬಾರ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು, ಆರ್ಮ್‌ಗಳು ಉಳಿದವು. ರೆಸಾರ್ಟುಗಳಲ್ಲಿ ಓಡಾಡುವ ನಾಲ್ಕು ಚಕ್ರದ ಎಟಿವಿಗಳಲ್ಲೂ ಮುಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಇಂಥದೇ ಜೋಡಣೆ.

ಈ ಕಂಪನಿ ಆರ್ಮ್‌ಗಳನ್ನು ಕಳಚಿ ಬಿಸಾಡುವುದು ಈಗ ಆಫ್‌ರೋಡ್ ಪ್ರಿಯರ ಹುರುಪು. ಕೆಲವರು ಎತ್ತರದ, ಅಗಲದ ಆರ್ಮ್ ಹಾಕಿಸುತ್ತಾರೆ. ಹಳೆಯ ಥಾರ್ ಇದ್ದವರಲ್ಲಿ ಕೆಲವರು ಆರ್ಮ್‌ನ ಬ್ರಾಕೆಟ್ಟುಗಳನ್ನೇ ಚಾಸಿಯಿಂದ ಕತ್ತರಿಸಿ, ಒಂದೇ ತುಂಡಿನ ಆಕ್ಸಲ್ ಕೂರಿಸಿ ವೆಲ್ಡ್ ಮಾಡಿಸುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಒಂದೇ ತುಂಡಿನ ಆಕ್ಸಲ್‌ನ ಒಂದು ಚಕ್ರ ಬಂಡೆ ಹತ್ತಿದಾಗ ಇನ್ನೊಂದು ಕೆಳಗೆ ಒತ್ತಿ ನೆಲ ಹಿಡಿಯುತ್ತದೆ. ಡಿಫರೆನ್ಷಿಯಲ್ ಗುಂಡು ಆಕ್ಸಲ್ ಜೊತೆಗೇ ಏರುವುದರಿಂದ ಕಲ್ಲಿಗೆ ಬಡಿಯುವುದು ಕಡಿಮೆ. ಬಂಡೆ ಹತ್ತುವ ಸ್ಪರ್ಧೆಗೆ ಇದು ಸರಿಯೇ.

ಆದರೆ ತೋಟದ ಗಾಡಿ ಸ್ಪರ್ಧೆಯ ಗಾಡಿಯಲ್ಲ. ಜೂನ್ ಬಂತೆಂದರೆ ಅದರ ಬೆನ್ನಿಗೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು ಏರುತ್ತದೆ. 200 ಲೀಟರಿನ ಡ್ರಮ್ಮೆಂದರೆ 200 ಕಿಲೋಗೂ ಮಿಕ್ಕ, ತಿರುವು ಸಿಕ್ಕಾಗೆಲ್ಲ ತುಳುಕುವ ಭಾರ. ಚಕ್ರಗಳ ನಡುವೆ 1,500 ಮಿ.ಮೀ. ಅಗಲವಿದ್ದು, ಗಾಡಿಯ ಭಾರದ ಕೇಂದ್ರ ನೆಲದಿಂದ 700 ಮಿ.ಮೀ. ಮೇಲಿದೆ ಎಂದಿಟ್ಟುಕೊಳ್ಳೋಣ. ಸ್ಪ್ರಿಂಗಿನ ಬಾಗು ಬಿಟ್ಟು ಲೆಕ್ಕ ಹಾಕಿದರೆ, ನಿಂತ ಗಾಡಿ ಅಡ್ಡ ಇಳಿಜಾರಿನಲ್ಲಿ ಸುಮಾರು 47 ಡಿಗ್ರಿಗೆ ಮಗುಚುತ್ತದೆ. ಗಾಡಿ ಎತ್ತರಿಸಿದ್ದರಿಂದ ಅದೇ ಕೇಂದ್ರ 75 ಮಿ.ಮೀ. ಮೇಲೇರಿದರೆ 44 ಡಿಗ್ರಿಗೇ. ಕಾಗದದ ಮೇಲೆ ಮೂರು ಡಿಗ್ರಿ ಸಣ್ಣದು. ತುಂಬಿದ ಡ್ರಮ್ಮು, ಕುಸಿಯುವ ಅಂಚು, ಸ್ಟೀರಿಂಗಿನ ತಿರುವು ಒಟ್ಟಿಗೆ ಕೂಡಿದಾಗ ಆ ಮೂರು ಡಿಗ್ರಿಯೇ ಜೀವದ ಪ್ರಶ್ನೆಯಾಗುತ್ತದೆ.

ಆರ್ಮ್ ಹಾಗೇ ಇಟ್ಟು ಸ್ಪೇಸರ್ ಹಾಕಿ ಎತ್ತರಿಸಿದರೂ ತೊಂದರೆ ತಪ್ಪದು. ಆರ್ಮ್ ಕೆಳಮುಖವಾಗಿ ನಿಂತು ಅದರ ತುದಿಯ ಬಾಲ್ ಜಾಯಿಂಟ್ ತನ್ನ ಮಿತಿಯ ಹತ್ತಿರ ದುಡಿಯುತ್ತದೆ. ಆಕ್ಸಲ್ ಜಾಯಿಂಟ್ ಓರೆಯಾಗಿ ತಿರುಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಹರಿದ ಬೂಟಿನೊಳಗೆ ಮಲೆನಾಡಿನ ಕೆಸರು ಸೇರಿತೆಂದರೆ ಆ ಜಾಯಿಂಟಿಗೆ ಹೆಚ್ಚು ಆಯುಷ್ಯವಿಲ್ಲ.

ಹಾಗೆಂದು ಆರ್ಮ್ ಬಿಚ್ಚಲೇಬಾರದೆಂದಲ್ಲ. ಆರ್ಮ್ ಕೀಲಿನ ರಬ್ಬರ್ ಬುಷ್ ಸವೆದಾಗ, ಕಲ್ಲಿಗೆ ಬಡಿದು ಆರ್ಮ್ ಬಾಗಿದಾಗ ಬಿಚ್ಚಲೇಬೇಕು. ಬರಿಯ ಜಾಕ್ ನಂಬದೆ ಚಾಸಿಗೆ ಸ್ಟ್ಯಾಂಡ್ ಕೊಡಬೇಕು. ಹಳೆಯ ಥಾರ್‌ನಲ್ಲಿ ಮೊದಲು ಟಾರ್ಷನ್ ಬಾರಿನ ಬಿಗಿ ಇಳಿಸಬೇಕು. ಇಲ್ಲದಿದ್ದರೆ ಆರ್ಮ್ ಸಿಡಿದು ಕೈಕಾಲು ಮುರಿಯಬಹುದು. ಮರಳಿ ಕೂರಿಸುವಾಗ ರಬ್ಬರ್ ಬುಷ್‌ನ ಬೋಲ್ಟುಗಳಿಗೆ ಕೊನೆಯ ಬಿಗಿ ಕೊಡಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ. ಚಕ್ರ ನೇತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಎತ್ತರಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಭಾಗ ಒಳ್ಳೆಯ ಟೈರಿಗೂ ದಾರಿಯ ಚರಂಡಿಗೂ ಹೋದರೆ ಗಾಡಿ ಹೂತುಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತದೆ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರ ಕಂಪನಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಕೂಡದೆನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ದಂಡ ಹಾಕುವುದರಲ್ಲೇ ಸರ್ಕಾರದ ಕೆಲಸ ಮುಗಿಯಬಾರದು. ಕೃಷಿಗೆ ನಿಜವಾಗಿ ಬೇಕಾದ ಬದಲಾವಣೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸರಳ ವ್ಯವಸ್ಥೆ ಮಲೆನಾಡಿನ ತಾಲ್ಲೂಕುಗಳ ರೈತರಿಗೆ ಕೈಗೆಟುಕುವಂತಿರಬೇಕು. ಅಲ್ಲಿಯವರೆಗೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಗಾಡಿ ಮಾಲೀಕರು ಮುಂಗಾರಿಗೆ ಮುನ್ನ ಬುಷ್, ಬಾಲ್ ಜಾಯಿಂಟ್, ಬೂಟ್ ಮೂರನ್ನೂ ಪರೀಕ್ಷಿಸಿಕೊಳ್ಳಲಿ. ಕಂಪನಿ ಆರ್ಮ್ ನೆಟ್ಟಗಿದ್ದರೆ ಅದನ್ನು ಅಲ್ಲೇ ಇರಗೊಡಲಿ.